ಸೊಳ್ಳೆಬತ್ತಿ ಹಚ್ಚದ ಮನೆ

ಕುರಿಹಾರಾ ಮನೆಗೆ ಸೊಸೆಯಾಗಿ ಬಂದ ದಿನವೇ ಯೋಶಿನೊ ಅತ್ತೆಯಿಂದ ಬೈಸಿಕೊಂಡಿದ್ದಳು. ಅಟ್ಟದ ತಟ್ಟೆಗಳಲ್ಲಿ ಹಿಪ್ಪುನೇರಳೆ ಸೊಪ್ಪು ಮೇಯುತ್ತಿದ್ದ ರೇಷ್ಮೆಹುಳುಗಳನ್ನು ಕಂಡು, "ಅಯ್ಯೋ, ಎಷ್ಟೊಂದು ಹುಳ!" ಎಂದುಬಿಟ್ಟಿದ್ದಳು.

"ಹುಳ ಅಂತೆ ಹುಳ! ನಿಮ್ಮೂರಲ್ಲಿ ಎಲೆಕೋಸಿಗೆ ಬೀಳ್ತಾವಲ್ಲ, ಅವು ಹುಳ," ಎಂದಳು ಅತ್ತೆ ಮಿನೆ. "ಇವರು ನಮಗೆ ಅನ್ನ ಹಾಕೋ ಮಕ್ಕಳು."

ಗುನ್ಮಾ ಪ್ರಾಂತದ ಆ ಗುಡ್ಡದೂರಿನಲ್ಲಿ ಎಲ್ಲರ ರೂಢಿಯೂ ಅದೇ. ರೇಷ್ಮೆಹುಳುವಿಗೆ ಬಹುವಚನ, ಎಣಿಸುವಾಗ ಹಸು ಕುದುರೆಗಳ ಹಾಗೆ ತಲೆಲೆಕ್ಕ. ಹೊಗೆ ಅವಕ್ಕಾಗದೆಂದು ಮನೆಯಲ್ಲಿ ಸೊಳ್ಳೆಬತ್ತಿಯೂ ಇಲ್ಲ. ಹದಿನೈದು ಬೇಸಿಗೆಗಳನ್ನು ಯೋಶಿನೊ ಬೀಸಣಿಗೆಯಲ್ಲೇ ಕಳೆದಳು.

ಮಿನೆಯ ಮಂಡಿಗಳು ಸೋತವು. ಏಣಿ ಹತ್ತುವುದು ಇನ್ನಾಗದು, ಈ ಬೆಳೆಯೇ ಕೊನೆ ಎಂದಳು. ಅದರ ನೂಲನ್ನು ತಾನೇ ಬಿಚ್ಚಿ, ಮೊಮ್ಮಗಳು ಚಿಯೆಯ ಮದುವೆಯ ಕಿಮೊನೊಗೆ ಎತ್ತಿಡಬೇಕೆಂಬುದು ಅವಳ ಆಸೆ. ಚಿಯೆಗೆ ಆಗ ಆರು ವರ್ಷ.

ಅದೇ ವಾರ ಯೋಶಿನೊ ಎಲೆಕೋಸಿಗೆಂದು ಹೊಸ ಪುಡಿ ತಂದಳು. ಹಸು, ಮೀನು, ಮನುಷ್ಯರಿಗೆ ಏನೂ ಆಗದು, ಹುಳ ಮಾತ್ರ ಸಾಯುತ್ತದೆ ಎಂದು ಎಲ್ಲರೂ ಹೊಗಳುತ್ತಿದ್ದರು. ಪೊಟ್ಟಣದ ಹಿಂದೆ ಕೆಂಪಕ್ಷರದಲ್ಲಿ ಏನೋ ಇತ್ತು. ಅವಳು ತಿರುಗಿಸಿ ನೋಡಲಿಲ್ಲ. ನೀರಿನಲ್ಲಿ ಕದಡಿ ಸಿಂಪಡಿಸಿದಳು. ಗಾಳಿ ಹಿಪ್ಪುನೇರಳೆಯ ಸಾಲಿನ ಕಡೆಗಿತ್ತು. ಮರುದಿನ ಮಧ್ಯಾಹ್ನ ಅದೇ ಸಾಲಿನಿಂದ ಸೊಪ್ಪು ಕೊಯ್ದು ಅಟ್ಟಕ್ಕೆ ಹಾಕಿದಳು. ನಾಲ್ಕನೆಯ ಸಲ ಪೊರೆ ಕಳಚುವ ಜ್ವರ ಬಿಟ್ಟೆದ್ದ ಹುಳುಗಳಿಗೆ ರಾಕ್ಷಸ ಹಸಿವು. ಆದರೆ ಸಂಜೆ ನೋಡಿದರೆ ಸೊಪ್ಪು ಹಾಗೇ ಇತ್ತು. ಸೆಕೆ ಇರಬೇಕು ಎಂದುಕೊಂಡು ಇಳಿದಳು.

ಕೆಳಗೆ ಚಿಯೆ ಸೊಳ್ಳೆ ಕಚ್ಚಿದ ಕಾಲು ಕೆರೆದುಕೊಂಡು ಒಂದೇ ಸಮ ಅಳುತ್ತಿದ್ದಳು. ಎಂದೂ ಸೋಲದ ಮಿನೆ ಅಂದು ಸೋತಳು. ಪಕ್ಕದ ಮನೆಯಿಂದ ಅರ್ಧ ಬತ್ತಿ ತಂದು ಜಗಲಿಯಲ್ಲಿ ಹಚ್ಚಿದಳು.

ಬೆಳಿಗ್ಗೆ ಅಟ್ಟದಲ್ಲಿ ಎಲ್ಲವೂ ಜೋತುಬಿದ್ದು ಕಪ್ಪಾಗುತ್ತಿದ್ದವು.

"ನಾನೇ ಕೊಂದೆ," ಎಂದಳು ಮಿನೆ. "ಅರ್ಧ ಬತ್ತಿಯಲ್ಲಿ ಕೊಂದೆ."

ಕೃಷಿ ಸಲಹೆಗಾರ ಮೊರೊಹಾಶಿ ಸತ್ತವುಗಳಲ್ಲಿ ನಾಲ್ಕನ್ನು ಪರೀಕ್ಷೆಗೆ ಒಯ್ದ. ಹತ್ತು ದಿನ ಕಳೆದ ಮೇಲೆ ಯೋಶಿನೊ ಇದ್ದ ಎಲೆಕೋಸಿನ ಹೊಲಕ್ಕೇ ಬಂದ.

"ಬತ್ತಿಯಿಂದಲ್ಲ ಅಕ್ಕ. ನಿಮ್ಮ ಪುಡಿಯಿಂದ."

"ಅದು ಯಾರಿಗೂ ಏನೂ ಮಾಡಲ್ಲ ಅಂದ್ರಲ್ಲ!"

"ನಮಗೆ ಮಾಡಲ್ಲ. ಅದರಲ್ಲಿ ಕಣ್ಣಿಗೆ ಕಾಣದ ಒಂದು ಜೀವ ಇದೆ, ಅದರ ಮಗ್ಗುಲಲ್ಲಿ ಒಂದು ಹರಳು. ನಮ್ಮ ಹೊಟ್ಟೆ ಹುಳಿ, ಅಲ್ಲಿ ಅದರ ಆಟ ನಡೆಯಲ್ಲ. ಹುಳದ ಹೊಟ್ಟೆ ಕ್ಷಾರ, ಬೂದಿನೀರಿದ್ದ ಹಾಗೆ. ಹರಳು ಅಲ್ಲಿ ಕರಗಿ ವಿಷ ಎಚ್ಚರಾಗುತ್ತೆ. ಕರುಳಿನ ಗೋಡೆಯಲ್ಲಿ ಆ ವಿಷಕ್ಕಂತಲೇ ಮಾಡಿಟ್ಟಂಥ ಗೂಟಗಳಿರ್ತಾವೆ. ವಿಷದ ಕಣಗಳು ಆ ಗೂಟ ಹಿಡ್ಕೊಂಡು, ನಾಲ್ಕಾರು ಕೂಡಿ ಗೋಡೆಗೆ ತೂತು ಕೊರೀತಾವೆ. ಅಷ್ಟೇ, ಮೇವು ನಿಂತುಹೋಗುತ್ತೆ."

"ಎಲೆಕೋಸಿನ ಹುಳಕ್ಕೆ ಗೂಟ ಇರಲಿ. ನಮ್ಮ ಮಕ್ಕಳಿಗೂ ಇರುತ್ತಾ?"

"ಇವೂ ಹುಳಾನೇ ಅಲ್ವಾ ಅಕ್ಕ? ನಮ್ಮ ದೇಶದಲ್ಲಿ ಈ ರೋಗ ಮೊದಲು ಕಂಡಿದ್ದೇ ರೇಷ್ಮೆಹುಳದಲ್ಲಿ. ಅಜ್ಜಿಗೆ ನಾನು ಹೇಳಲಾ?"

"ಬೇಡ. ನಾನೇ ಹೇಳ್ತೀನಿ."

ಯೋಶಿನೊ ಮನೆಗೆ ಬರುವಾಗ, ಓಣಿಯ ತುದಿಯ ರೇಷ್ಮೆದೇವರ ಕಲ್ಲಿನ ಮುಂದೆ ಮಿನೆ ಬಗ್ಗಿ ತಪ್ಪೊಪ್ಪಿಕೊಳ್ಳುತ್ತಿದ್ದಳು. ನಾಳೆ ಹೇಳಿದರಾಯಿತು ಎಂದುಕೊಂಡಳು ಯೋಶಿನೊ. ಅತ್ತೆಯ ಬಾಯಿಗೆ ಹೆದರಿದ್ದು ನಿಜ. ಆದರೆ "ನಾನೇ ಕೊಂದೆ" ಎಂಬ ಮಾತು ಕಿವಿಗೆ ಬಿದ್ದಾಗ ಒಳಗೆಲ್ಲೋ ಹಗುರವಾಗಿತ್ತಲ್ಲ, ಆ ಹಗುರವೇ ಆಮೇಲೆ ಅವಳಿಗೆ ಭಾರವಾಯಿತು.

ನಾಳೆ ನಾಳೆ ಎಂದು ಎರಡು ವರ್ಷ ಹೋಯಿತು. ಮಿನೆ ಹಾಸಿಗೆ ಹಿಡಿದಳು. ಒಂದು ಸಂಜೆ ಸೊಳ್ಳೆ ಮುತ್ತಿದಾಗ ಚಿಯೆ ಬತ್ತಿ ತಂದಳು.

"ಬೇಡ ಕಣೇ, ಮೇಲೆ ಮಕ್ಕಳಿದ್ದಾರೆ," ಎಂದಳು ಮಿನೆ. ಅಟ್ಟ ಖಾಲಿಯಿತ್ತು.

ಯೋಶಿನೊ ಬೀಸಣಿಗೆ ತೆಗೆದುಕೊಂಡು ಪಕ್ಕದಲ್ಲಿ ಕೂತಳು. "ಅಮ್ಮ, ಅವತ್ತು ಬತ್ತಿಯಿಂದಲ್ಲ..."

"ಏನಂದೆ?" ಮಿನೆ ಕಿವಿಗೆ ಕೈ ಹಿಡಿದಳು.

ಬೀಸಣಿಗೆ ನಿಂತಿತು. "ಸೊಳ್ಳೆ ಹೋದ್ವು ಅಂದೆ."

"ಸುಳ್ಳಿ. ಇನ್ನೂ ಕಚ್ತಿದಾವೆ. ಬೀಸು."

ಆ ವಾರವೇ ಅವಳು ತೀರಿಕೊಂಡಳು.

ಈಗ ಯೋಶಿನೊಗೆ ಎಪ್ಪತ್ತು ದಾಟಿದೆ. ಆ ಮನೆಯಲ್ಲಿ ಈಗಲೂ ಬತ್ತಿ ಹಚ್ಚುವುದಿಲ್ಲ. ಕಳೆದ ಬೇಸಿಗೆಯಲ್ಲಿ ಚಿಯೆ ಮಗನೊಂದಿಗೆ ಬಂದಿದ್ದಳು. ಹುಡುಗನ ಮೈತುಂಬ ದದ್ದು.

"ಒಂದು ಬತ್ತಿ ಹಚ್ಚೋಣ ಅಂತೀನಿ, ಕೈ ಬರಲ್ಲ ಅಮ್ಮ," ಎಂದಳು ಚಿಯೆ. "ಅವತ್ತು ನಾನು ಅಳದೇ ಇದ್ದಿದ್ರೆ ಅಜ್ಜಿ ಹಚ್ಚುತ್ತಿರಲಿಲ್ಲ ಅಲ್ವಾ?"

ಮೂವತ್ತು ವರ್ಷ ಇವಳೂ ಇದನ್ನು ಹೊತ್ತಿದ್ದಳೆಂದು ಯೋಶಿನೊಗೆ ಆಗಲೇ ತಿಳಿದದ್ದು.

"ಬತ್ತಿಯಿಂದಲ್ಲ ಚಿಯೆ," ಎಂದಳು, ಬೀಸಣಿಗೆ ನಿಲ್ಲಿಸದೆ. "ನನ್ನಿಂದ."

ಚಿಯೆಯ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಕೇಳಬೇಕಾಗಿದ್ದ ಕಿವಿ ಮಾತ್ರ ಇರಲಿಲ್ಲ.