ಹಸಿರು ಪಟ್ಟಿ ಗುರಿ ಮುಟ್ಟಿದ್ದು

ಮಂಗೋಲಿಯಾದಿಂದ ಜಪಾನಿಗೆ ಓದಲು ಬಂದು ನಮ್ಮ ಬೀದಿಯಲ್ಲಿ ಬಾಡಿಗೆಗಿದ್ದ ಸೊಲೊಂಗೊ ಎಷ್ಟು ನಿಧಾನವೆಂದರೆ, ಅವಳು ಒಂದು ಅನ್ನದುಂಡೆ ತಿಂದು ಮುಗಿಸುವಷ್ಟರಲ್ಲಿ ಚೆರ್ರಿ ಹೂ ಅರಳಿ, ಉದುರಿ, ಎಲೆಯೂ ಕೆಂಪಾಗುತ್ತಿತ್ತೆಂದು ಪ್ರತೀತಿ. ಅವಳಿಗಾಗಿ ಕಾದು ಕಾದು ಬಸ್ಸುಗಳೇ ಮುದಿಯಾಗಿದ್ದವು.

ಊರಿನ ರಿಲೇ ಓಟಕ್ಕೆ ಮುನ್ನ ನಮ್ಮ ಬೀದಿಯ ತಂಡದ ಒಬ್ಬನ ಕಾಲು ಉಳುಕಿತು. ಗತಿಯಿಲ್ಲದೆ ಅವಳನ್ನೇ ಸೇರಿಸಿಕೊಂಡೆವು. ಹೆಗಲಿಂದ ಹೆಗಲಿಗೆ ದಾಟಿಸುವ ನಮ್ಮ ಹಸಿರು ಪಟ್ಟಿ ಹನ್ನೊಂದು ವರ್ಷದಿಂದ ಗುರಿ ಕಂಡಿರಲಿಲ್ಲ. ಪಟ್ಟಿ ದಾಟಿಸುವ ಮೊದಲೇ ಗಡುವು ಮೀರಿದರೆ ಪಿಸ್ತೂಲು ಢಂ ಎನ್ನುತ್ತದೆ. ಮುಂದಿನವರು ಯಾವ ಬೀದಿಗೂ ಸೇರದ ಬಿಳಿ ಪಟ್ಟಿ ತೊಟ್ಟು ಓಡಬೇಕು. ಬೀದಿಗೆ ಅದಕ್ಕಿಂತ ಅವಮಾನವಿಲ್ಲ.

ಕೊನೆಯ ಓಟಕ್ಕೆ ನಿಂತಿದ್ದ ತೋಫು ಅಂಗಡಿಯ ಕುವಾಬಾರಾ ಅಕ್ಕನಿಗೆ ಅಧಿಕಾರಿ ಬಿಳಿ ಪಟ್ಟಿ ಚಾಚಿದ.

"ಇನ್ನೂ ಒಂದ್ ನಿಮಿಷ ಇದೆ ಕಣಯ್ಯಾ! ಆಗ್ಲೇ ಹೆಣದ ಬಟ್ಟೆ ತಂದ್ಯಾ?" ಎಂದು ಅಕ್ಕ ಗದರಿದಳು.

ಅಷ್ಟರಲ್ಲಿ ತಿರುವಿನಲ್ಲಿ ಹಸಿರು ಮಿಂಚಿತು. ಸೊಲೊಂಗೊ! ಇಬ್ಬರು ಬ್ಯಾಂಕ್ ಗುಮಾಸ್ತರನ್ನೂ ಒಬ್ಬ ಅಗ್ನಿಶಾಮಕ ವೀರನನ್ನೂ ಧೂಳಿನಲ್ಲಿ ಬಿಟ್ಟು ಸೈನ್ಯದಂತೆ ನುಗ್ಗಿ ಬಂದಳು.

"ಬಾರೇ ತಾಯಿ, ಬಾರೇ!" ಎಂದು ಇಡೀ ಬೀದಿ ಕೂಗಿತು.

ನಾಲ್ಕು ಸೆಕೆಂಡು ಉಳಿದಿರುವಾಗ ಪಟ್ಟಿ ಅಕ್ಕನ ಹೆಗಲೇರಿತು. ಅಕ್ಕ ಅದನ್ನು ಗುರಿ ಮುಟ್ಟಿಸಿದಳು. ನಾವು ಹದಿನೇಳನೆಯವರು, ಕುಣಿದದ್ದು ಮಾತ್ರ ಮೊದಲನೆಯವರಂತೆ. ಬೀದಿಯ ಅಧ್ಯಕ್ಷ ಇಮಾಯಿ ತಾತ ಅತ್ತೇಬಿಟ್ಟರು.

"ನಮ್ಮ ಬೀದಿ ಮಾನ ಉಳ್ಸೋಕೇ ಹಂಗೆ ಓಡಿದ್ಯಾ ಮಗಳೇ?"

"ಇಲ್ಲ ತಾತ. ಗುಂಡು ಹಾರೋದ್ರೊಳಗೆ ಪಟ್ಟಿ ಕೊಡ್ದಿದ್ರೆ ಅಕ್ಕನ ಮೂರು ಕಿಲೋಮೀಟರೂ ನಾನೇ ಓಡ್ಬೇಕು ಅಂದ್ಕೊಂಡಿದ್ದೆ."