ಯಾವ ಗ್ರಹದ ನಾಳೆ

ತಾಲೂಕು ಕಚೇರಿಯ ಮುಂದೆ, ಬೇವಿನ ಮರದ ಕೆಳಗೆ ಅರ್ಜಿ ಟೈಪ್ ಮಾಡುತ್ತಿದ್ದ ಕಾಕಾ ದಿನಾ ಹತ್ತರಗಿಯಿಂದ ಬರುತ್ತಿದ್ದರು. ಒಳಗೆ ‘ನಾಳಿ ಬರ್ರಿ’ ಅನ್ನಿಸಿಕೊಂಡು ಯಾರಾದರೂ ಮುಖ ಸಣ್ಣ ಮಾಡಿಕೊಂಡು ಬಂದರೆ, ಕನ್ನಡಕ ಹಣೆಗೇರಿಸಿ ಕೇಳುತ್ತಿದ್ದರು: “ಯಾವ ಗ್ರಹದ ನಾಳಿ ಅಂತ ಕೇಳಿದ್ರೇನ್ರಿ? ಶುಕ್ರದಾಗ ಒಂದು ದಿನ ಅಂದ್ರ ನಮ್ಮ ನಾಕ್ ತಿಂಗಳ ಆಗತೈತಿ.”

ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ತಪ್ಪಾಗಿದ್ದ ನನ್ನ ಹೆಸರು ತಿದ್ದಿಸಲು ಏಳನೇ ಸಲ ಹೋದಾಗ, ಕಾಕಾ ಅರ್ಜಿಯ ಕೊನೆಗೆ ‘ನಾಳೆ ಎಂದರೆ ಭೂಮಿಯದೋ ಶುಕ್ರನದೋ ತಿಳಿಸಬೇಕಾಗಿ ವಿನಂತಿ’ ಎಂದು ಸೇರಿಸಿದರು. ಗುಮಾಸ್ತರು ಓದದೆಯೇ ಠಸ್ಸೆ ಹೊಡೆದರು. ನಾನು ಹೊರಬಂದು ಹೇಳಿದ್ದನ್ನು ಕೇಳಿ ಕಾಕಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಸಂಜೆ ಟೈಪ್‌ರೈಟರಿಗೆ ಚೀಲ ಹೊದಿಸುತ್ತ, “ನಾಳಿ ಸಿಗೂಣ್ರಿ” ಅಂದರು. ಮರುದಿನ ಬರಲಿಲ್ಲ. ಮತ್ತೆಂದೂ ಬರಲಿಲ್ಲ.

ಹೆಸರು ಸರಿಹೋಗಿ ವರ್ಷವಾಯಿತು. ಕೆಲಸವಿಲ್ಲದಿದ್ದರೂ ಆ ಮರದ ಕಡೆ ಹೋಗುತ್ತೇನೆ. ಯಾವ ಗ್ರಹದ ನಾಳೆ ಎಂದು ಅವತ್ತು ನಾನು ಕೇಳಬೇಕಿತ್ತು.