ಕಳವಾ ಬರುವುದರೊಳಗೆ

ಸೀಟಿಗಾಗಿ ನಾನು ಮಾಡುತ್ತಿದ್ದ ಸರ್ಕಸ್ಸನ್ನು ಡೊಂಬಿವಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಂಬಯಿ ಪಕ್ಕದ ಠಾಣೆ ನಗರದ ಆಫೀಸಿಗೆ ಹೋಗಬೇಕಾದವಳು ಬೆಳಿಗ್ಗೆ ಡೊಂಬಿವಲಿಯಲ್ಲಿ ಉಲ್ಟಾ ದಿಕ್ಕಿನ ಲೋಕಲ್ ಹತ್ತಿ ಕಲ್ಯಾಣಕ್ಕೆ ಹೋಗುವುದು. ಅದೇ ಗಾಡಿ ಅಲ್ಲಿಂದ ವಾಪಸು ಹೊರಡುವಾಗ ಕಿಟಕಿ ಪಕ್ಕ ರಾಣಿಯ ಹಾಗೆ ಕುಳಿತಿರುವುದು. ಅದಕ್ಕೆಂದೇ ಪಾಸನ್ನೂ ಕಲ್ಯಾಣದಿಂದ ಮಾಡಿಸಿದ್ದೆ. ಅರ್ಧ ಗಂಟೆ ಮೊದಲೇ ಮನೆ ಬಿಡಬೇಕು, ಸರಿ. ಆದರೆ ಕುಳಿತು ಓದಲು ಅರ್ಧ ಗಂಟೆ ಸಿಗುತ್ತದಲ್ಲ! "ಆ ಅರ್ಧ ಗಂಟೆ ಮನೆಯಲ್ಲೇ ಕೂತು ಓದಬಹುದಿತ್ತಲ್ಲ ಮಾರಾಯ್ತಿ," ಎಂದು ಗಂಡ ಒಮ್ಮೆ ಹೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದೆ.

ಐವತ್ತೊಂದನೇ ವಯಸ್ಸಿನಲ್ಲಿ ಕನ್ನಡ ಎಂ.ಎ. ಕಟ್ಟಿದ್ದೆ. ಕೊನೆಯ ವರ್ಷದ ನಾಲ್ಕು ಪೇಪರು ಬಾಕಿ ಇದ್ದವು. ಅಡುಗೆಮನೆಯ ಗೋಡೆಗೆ ವೇಳಾಪಟ್ಟಿ ಅಂಟಿಸಿದ್ದೆ. ಕುಕ್ಕರ್ ಕೂಗುವವರೆಗೆ ಛಂದಸ್ಸು, ಬಟ್ಟೆ ಒಗೆಯುವ ಮಷೀನು ತಿರುಗುವಾಗ ವ್ಯಾಕರಣ, ಗಾಡಿಯಲ್ಲಿ ಭಾಷಾಶಾಸ್ತ್ರ. ಆ ಪಟ್ಟಿ ಒಂದು ದಿನವೂ ಪೂರ್ತಿಯಾದದ್ದಿಲ್ಲ. ಪೂರ್ತಿಯಾಗದಿದ್ದಾಗ ತಪ್ಪು ಪಟ್ಟಿಯದಲ್ಲ, ಮನೆಯವರದ್ದು ಎಂದು ಎಲ್ಲರ ಮೇಲೂ ಹರಿಹಾಯುತ್ತಿದ್ದೆ.

ಕಲ್ಯಾಣದಲ್ಲಿ ನನ್ನ ಪಕ್ಕ ದಿನವೂ ಒಬ್ಬಾಕೆ ಬಂದು ಕೂರುತ್ತಿದ್ದಳು. ವಿಜಯಪುರದ ಕಡೆಯವಳು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಠಾಣೆಯ ಒಂದು ಕ್ಯಾಂಟೀನಿನಲ್ಲಿ ಚಪಾತಿ ಲಟ್ಟಿಸುವ ಕೆಲಸ. ಮಡಿಲಲ್ಲಿ ಮೆಂತ್ಯೆಯ ಕಟ್ಟು ಬಿಚ್ಚಿ ಸೊಪ್ಪು ಬಿಡಿಸುತ್ತ, ಠಾಕುರ್ಲಿ ಸ್ಟೇಷನ್ ದಾಟುವುದೇ ತಡ, ಫೋನನ್ನು ನನ್ನ ಮೂಗಿನ ಮುಂದೆ ಹಿಡಿಯುತ್ತಿದ್ದಳು. "ಅಕ್ಕಾರ, ಏನ್ ಬರದಾಳ ನೋಡ್ರಿ ಒಂದೀಟು."

ಬರೆಯುತ್ತಿದ್ದವಳು ಊರಲ್ಲಿರುವ ಅವಳ ತಂಗಿ. ಮೂರು ವರ್ಷದ ಹಿಂದೆ ಆ ತಂಗಿಗೆ ಕಿವಿ ಪೂರ್ತಿ ಹೋಯಿತು. ಅಲ್ಲಿಯವರೆಗೆ ದಿನವೂ ಫೋನಿನಲ್ಲಿ ಮಾತಾಡುತ್ತಿದ್ದ ಅಕ್ಕತಂಗಿಯರು. ಈಗ ವಿಡಿಯೋದಲ್ಲಿ ಮುಖ ಕಾಣುತ್ತದೆ, ಮಾತು ಮುಟ್ಟುವುದಿಲ್ಲ. ತಂಗಿ ನಾಲ್ಕನೇ ಇಯತ್ತೆ ಓದಿದವಳು, ಮೆಸೇಜು ಬರೆಯುತ್ತಾಳೆ. ಅಕ್ಕ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಇಲ್ಲೇ ಹುಟ್ಟಿದ ಮಗನಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದು ಮರಾಠಿ ಮಾತ್ರ. ಹಾಗಾಗಿ ನಾನೇ ಓದಬೇಕು, ಹೇಳಿದ್ದನ್ನು ನಾನೇ ಬರೆಯಬೇಕು. ಐದು ನಿಮಿಷದ ಕೆಲಸ. ನಾನು ಅದನ್ನು ಎಷ್ಟು ಗಡಿಬಿಡಿಯಲ್ಲಿ, ಎಂಥ ಮುಖ ಮಾಡಿಕೊಂಡು ಓದುತ್ತಿದ್ದೆ ಎಂದು ನೆನೆದರೆ ಈಗ ನನಗೇ ಕಪಾಳಕ್ಕೆ ಹೊಡೆದುಕೊಳ್ಳಬೇಕೆನಿಸುತ್ತದೆ.

ಒಂದು ಬೆಳಿಗ್ಗೆ ಆಕೆ ಹೇಳಿದಳು: "ಬರೂ ತಿಂಗಳ ಖಾರಘರಕ್ಕ ಹೊಂಟೇವ್ರಿ. ಮಗನ ಕೆಲಸ ಅಲ್ಲೇ. ಇದನ್ನ ಅಲ್ಲಿ ಯಾರ್ ಓದಿ ಹೇಳ್ತಾರ? ನಂಗ ಓದಾಕ ಕಲಸ್ತೀರೇನ್ರಿ?"

"ನನ್ನ ಪರೀಕ್ಷೆ ಒಂದು ಮುಗಿಯಲಿ," ಎಂದುಬಿಟ್ಟೆ. ಎಲ್ಲರಿಗೂ ಹಾಗೆಯೇ ಹೇಳಿ ನಾಲಗೆಗೆ ಅಭ್ಯಾಸವಾಗಿತ್ತು. ಪರೀಕ್ಷೆಗೆ ಮೂರು ತಿಂಗಳಿತ್ತು, ಆಕೆ ಹೊರಡಲು ಒಂದೇ ತಿಂಗಳು. "ಆತ್ರಿ," ಎಂದು ಆಕೆ ಮತ್ತೆ ಸೊಪ್ಪು ಬಿಡಿಸತೊಡಗಿದಳು. ನಾನು ಪುಸ್ತಕ ತೆರೆದೆ. ದಿವಾ ಬಂತು, ಮುಂಬ್ರಾ ಬಂತು, ನನ್ನ ಕಣ್ಣು ಮಾತ್ರ ಅದೇ ಸಾಲಿನಲ್ಲಿತ್ತು. ಭಾಷೆಯ ಬಗ್ಗೆ ಪುಸ್ತಕದಲ್ಲಿ ಓದುತ್ತ ಪಕ್ಕದವಳಿಗೆ ಅಕ್ಷರ ಕೊಡಲು ಪುರುಸೊತ್ತಿಲ್ಲ ಅಂದೆನಲ್ಲ ಎಂದು ನಾಚಿಕೆಯಾಯಿತು.

ಮರುದಿನ ಪಾಠ ಶುರು ಮಾಡಿದೆ. ಬುದ್ಧಿ ಬಂತೆಂದುಕೊಳ್ಳಬೇಡಿ. ಆಕೆಗೂ ಒಂದು ವೇಳಾಪಟ್ಟಿ ಮಾಡಿದೆ! ದಿನಕ್ಕೆ ನಾಲ್ಕು ಅಕ್ಷರ, ಆಮೇಲೆ ಕಾಗುಣಿತ, ಆಮೇಲೆ ಒತ್ತು. ಠಾಣೆಗಿಂತ ಒಂದು ಸ್ಟೇಷನ್ ಮೊದಲು ಕಳವಾ. ಅದು ಬಂದರೆ ಇಳಿಯಲು ಬಾಗಿಲ ಕಡೆ ನುಗ್ಗಬೇಕು, ಅಷ್ಟರೊಳಗೆ ಅಂದಿನ ಪಾಠ ಮುಗಿಯಬೇಕು. ಒಂದು ದಿನ ಗಾಡಿ ಲೇಟು, ಇನ್ನೊಂದು ದಿನ ಆಕೆಗೆ ಜ್ವರ. ಎರಡನೇ ವಾರ ಕಲಿತದ್ದನ್ನು ಮರೆತು ಕೂತಾಗ ರೇಗಿದೆ: "ನಿನ್ನೆಯೇ ಹೇಳಿಕೊಟ್ಟೆನಲ್ಲ!"

ಆಕೆ ನೋಟುಬುಕ್ಕು ಮುಚ್ಚಿದಳು. "ಸಿಟ್ಟಾಗಬ್ಯಾಡ್ರಿ ಅಕ್ಕಾರ. ಇರೂದ ಹದಿನಾಲ್ಕ ದಿನ. ಎಲ್ಲಾ ಕಲಿಯೂದು ನನ್ ಕಡಿಂದ ಆಗೂದಿಲ್ಲ. ನನ್ ತಂಗಿ ಏನ್ ಬರೀತಾಳ, ಅಷ್ಟ ಕಲಸ್ರಿ. ಸಾಕ."

ಅಯ್ಯೋ, ಇಷ್ಟು ಸುಲಭದ ಮಾತು ಎಂ.ಎ. ಓದುವವಳಿಗೆ ಹೊಳೆದಿರಲಿಲ್ಲ! ಹಳೆಯ ಮೆಸೇಜುಗಳನ್ನೆಲ್ಲ ತೆಗೆದು ನೋಡಿದೆವು. ಉಂಡಿ? ಆರಾಮ ಅದೀ? ಯಾವಾಗ ಬರ್ತಿ? ಮಳಿ ಬಂತು. ಎಮ್ಮಿ ಈಯಿತು. ತಿರುತಿರುಗಿ ಅವೇ ಮಾತುಗಳು. ತಂಗಿ ಎಂದೂ ಝ ಬರೆದವಳಲ್ಲ, ನಾವೂ ಝ ಬಿಟ್ಟೆವು. ಬಿಟ್ಟದ್ದೇ ಹೆಚ್ಚು. ಬಿಡುತ್ತ ಹೋದ ಹಾಗೆ ಆಕೆಗೆ ಓದು ಹತ್ತತೊಡಗಿತು.

ಆ ಭಾನುವಾರ ನಾನೂ ಗೋಡೆಯ ಪಟ್ಟಿ ಕಿತ್ತು, ಭಾಷಾಶಾಸ್ತ್ರದ ಪೇಪರನ್ನು ಮುಂದಿನ ವರ್ಷಕ್ಕೆ ಬಿಟ್ಟೆ. ಸುಳ್ಳೇಕೆ ಹೇಳಲಿ, ಅತ್ತುಬಿಟ್ಟೆ. ಹಟ ಹಿಡಿದು ಕಟ್ಟಿದ್ದ ಪರೀಕ್ಷೆ ಅದು. ಅತ್ತು ಮುಗಿದ ಮೇಲೆ ಗಂಡ ಚಹಾ ಮಾಡಿ ಕೊಟ್ಟರು, ಇಬ್ಬರೂ ಕುಳಿತು ಕುಡಿದೆವು. ನಡುವೆ ಎದ್ದು ಏನನ್ನೂ ಓದಬೇಕಾಗಿರಲಿಲ್ಲ. ಉಳಿದ ಮೂರು ಪೇಪರನ್ನು ಆಮೇಲೆ ನೆಮ್ಮದಿಯಿಂದ ಬರೆದೆ. ಆ ನೆಮ್ಮದಿ ಕೊಟ್ಟವಳು ಆಕೆ. ಪಟ್ಟಿ ಕಿತ್ತ ಮರುದಿನವೇ ಗಾಡಿಯಲ್ಲಿ ಇದನ್ನು ಅವಳೆದುರು ಹೇಳಿದಾಗ, "ನಾ ಏನ್ ಕೊಟ್ಟೇನ್ರಿ, ನಿಮ್ಮ ಪರೀಕ್ಷಾ ಕೆಡಸೀನಿ," ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳು ಸಿಕ್ಕಿದ್ದು ನನ್ನ ಪುಣ್ಯ.

ಕೊನೆಯ ದಿನ ಮುಂಬ್ರಾ ದಾಟುತ್ತಿದ್ದಂತೆ ಅವಳ ಫೋನು ಟಿಣ್ ಅಂದಿತು. ಅಭ್ಯಾಸಬಲದಿಂದ ನಾನು ಕೈ ಚಾಚಿದೆ. ಆಕೆ ಕೊಡಲಿಲ್ಲ. ಫೋನನ್ನು ಕಣ್ಣ ಹತ್ತಿರ ಹಿಡಿದು, ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದತೊಡಗಿದಳು. ಒಂದು ಕಡೆ ತಡೆದಳು. ಹೇಳಿಕೊಡಲು ಬಾಯಿ ತೆರೆದವಳು ಸುಮ್ಮನಾದೆ. ಆಕೆ ಮತ್ತೆ ಮೊದಲಿನಿಂದ ಓದಿದಳು, ಕಣ್ಣು ತುಂಬಿಕೊಂಡಳು, ಫೋನನ್ನು ಬ್ಯಾಗಿನೊಳಗೆ ಇಟ್ಟು ಜಿಪ್ಪು ಎಳೆದಳು.

"ಏನು ಬರೆದಿದ್ದಾಳೆ?" ಎಂದೆ.

"ಅದು ನಮ್ಮ ಅಕ್ಕತಂಗೀದು ಐತ್ರಿ," ಎಂದಳು.

ಕಳವಾ ಬಂತು, ಇಬ್ಬರೂ ಎದ್ದೆವು. ಮೂರು ವರ್ಷ ಅವಳ ತಂಗಿಯ ಮಾತನ್ನೆಲ್ಲ ಅವಳಿಗಿಂತ ಮೊದಲು ಓದಿದವಳು ನಾನು. ಅಂದು ಅದರಲ್ಲಿ ಏನಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ.